ಕಪ್ಪತಗುಡ್ಡವನ್ನು ಕಾಯುತ್ತಿರುವ ಅಧಿಸೂಚನೆ

ಗದಗ, ಮುಂಡರಗಿ, ಶಿರಹಟ್ಟಿ ತಾಲ್ಲೂಕುಗಳಲ್ಲಿ ಚಾಚಿಕೊಂಡಿರುವ ಕಪ್ಪತಗುಡ್ಡದ ಒಡಲಲ್ಲಿ ಬಂಗಾರವಿದೆ ಎಂಬುದು ಹೊಸ ಸುದ್ದಿಯಲ್ಲ. ಹೊಸೂರು, ಕಬಲಾಯತಕಟ್ಟಿ ಸುತ್ತ 20ನೇ ಶತಮಾನದ ಆರಂಭದಲ್ಲೇ ಬ್ರಿಟಿಷ್ ಕಂಪನಿಗಳು ಸುರಂಗ ತೋಡಿದ್ದವು.

ಟನ್ ಅದಿರಿಗೆ 3 ಗ್ರಾಂ ಸಿಕ್ಕಿತೆಂದರೂ 1 ಕೆ.ಜಿ. ಬಂಗಾರಕ್ಕೆ 333 ಟನ್ ಕಲ್ಲು ಅರೆಯಬೇಕು. ಅಷ್ಟೂ ಹಿಟ್ಟಿನಂತಾಗಿ, ಬಂಗಾರವನ್ನು ಕರಗಿಸಿ ತೆಗೆಯುವ ಸೈನೈಡ್ ದ್ರಾವಣದಲ್ಲಿ ನೆನೆದು, ಕಡೆಗೆ ತ್ಯಾಜ್ಯದ ಕೊಳ ಸೇರುತ್ತದೆ. ದ್ರಾವಣದ ಪಿಎಚ್ (ಆಮ್ಲ-ಕ್ಷಾರದ ಅಳತೆ) 10ಕ್ಕಿಂತ ಕೆಳಗಿಳಿಯದಂತೆ ಸುಣ್ಣ ಬೆರೆಸುತ್ತಿರಬೇಕು, ಇಳಿದರೆ ವಿಷಾನಿಲ ಏಳುತ್ತದೆ. ಊರಲ್ಲಿ ಎಲ್ಲರೂ ಹೆದರುವುದು ಸೈನೈಡಿಗೇ. ಆದರೆ ಹೆಚ್ಚು ಕಾಲ ಕಾಡುವುದು ಆರ್ಸೆನಿಕ್ ಎಂಬ ವಿಷಧಾತು. ಇಲ್ಲಿಯ ಬಂಗಾರ ಪೈರೈಟ್, ಆರ್ಸೆನೋಪೈರೈಟ್ ಎಂಬ ಸಲ್ಫೈಡ್ (ಗಂಧಕದ) ಖನಿಜಗಳ ಜೊತೆ ಬೆರೆತಿದೆ. ಅರೆದ ಸಲ್ಫೈಡಿಗೆ ಗಾಳಿ-ನೀರು ತಾಗಿದರೆ ಆಮ್ಲ ಹುಟ್ಟಿ, ಆರ್ಸೆನಿಕ್ ಕರಗಿ ಹರಿಯುತ್ತದೆ. ಸೈನೈಡ್ ಬಿಸಿಲಿಗೆ ಒಡೆದುಹೋಗುತ್ತದೆ, ಆರ್ಸೆನಿಕ್ ಒಡೆಯುವುದಿಲ್ಲ. ಗುಡ್ಡದ ನೀರನ್ನೇ ನಂಬಿದ ಕೆರೆ, ಕೊಳವೆಬಾವಿಗಳ ಸೀಮೆಯಲ್ಲಿ ಇದು ಸಣ್ಣ ಮಾತಲ್ಲ.

2011ರಲ್ಲಿ ಮುಂಡರಗಿ ತಾಲ್ಲೂಕಿನ ಹಳ್ಳಿಗುಡಿ ಬಳಿ ಪೋಸ್ಕೋ ಉಕ್ಕಿನ ಕಾರ್ಖಾನೆಗೆ ಭೂಮಿ ಕೊಡುವುದಿಲ್ಲ ಎಂದು ರೈತರು ನಿಂತರು. ಗದಗದ ತೋಂಟದಾರ್ಯ ಮಠದ ಸಿದ್ಧಲಿಂಗ ಸ್ವಾಮೀಜಿ ಮುಂದಾಳಾದರು, ಸರ್ಕಾರ ಹಿಂದೆ ಸರಿಯಿತು. ಗುಡ್ಡದ ರಕ್ಷಣೆಯ ಪ್ರಶ್ನೆ ಅಷ್ಟು ಬೇಗ ಬಗೆಹರಿಯಲಿಲ್ಲ. 2015ರ ಡಿಸೆಂಬರ್‌ನಲ್ಲಿ ಸಂರಕ್ಷಣಾ ಮೀಸಲು ಪ್ರದೇಶವೆಂದು ಘೋಷಣೆ, 2016ರ ನವೆಂಬರ್‌ನಲ್ಲಿ ರದ್ದು. ಸ್ಥಳೀಯರನ್ನು ಕೇಳಿರಲಿಲ್ಲ ಎಂಬುದು ಕೊಟ್ಟ ಕಾರಣ. ವನ್ಯಜೀವಿ ಕಾಯ್ದೆಯ 36ಎ ಕಲಮು ಸಮುದಾಯದ ಜೊತೆ ಸಮಾಲೋಚನೆ ಬೇಕೆನ್ನುವುದು ನಿಜ. ಹಾಗಿದ್ದರೆ ಜನರನ್ನು ಕೇಳಬೇಕಿತ್ತು, ರಕ್ಷಣೆಯನ್ನೇ ಕಿತ್ತುಹಾಕುವುದು ಯಾವ ನ್ಯಾಯ? 2017ರಲ್ಲಿ ಗದಗದಲ್ಲಿ ಮತ್ತೆ ಧರಣಿ ನಡೆಯಿತು, ಆ ಏಪ್ರಿಲ್‌ನಲ್ಲಿ ಮೀಸಲು ಸ್ಥಾನ ಮರಳಿತು.

2019ರ ಮೇ ತಿಂಗಳಲ್ಲಿ 244.15 ಚದರ ಕಿ.ಮೀ. ವನ್ಯಜೀವಿಧಾಮವಾಯಿತು. ಗಟ್ಟಿ ಬೇಲಿ ಬಿದ್ದದ್ದು ಆಗಲೇ. ಮೀಸಲು ಪ್ರದೇಶವನ್ನು ರಾಜ್ಯ ಸರ್ಕಾರ ಒಂದು ಅಧಿಸೂಚನೆಯಲ್ಲಿ ಅಳಿಸಿಬಿಟ್ಟಿತ್ತು. ವನ್ಯಜೀವಿಧಾಮದ ಗಡಿ ಬದಲಿಸಬೇಕಾದರೆ 26ಎ ಕಲಮಿನಂತೆ ರಾಷ್ಟ್ರೀಯ ವನ್ಯಜೀವಿ ಮಂಡಳಿಯ ಶಿಫಾರಸು ಬೇಕು. ಜೊತೆಗೆ ಧಾಮದೊಳಗೂ ಅದರ ಗಡಿಯಿಂದ 1 ಕಿ.ಮೀ. ವರೆಗೂ ಗಣಿಗಾರಿಕೆ ಕೂಡದೆಂದು ಸುಪ್ರೀಂ ಕೋರ್ಟ್ 2022ರ ಜೂನ್‌ನಲ್ಲಿ ಹೇಳಿತು. 2023ರ ಏಪ್ರಿಲ್‌ನಲ್ಲಿ ಆ ಆದೇಶದ ಉಳಿದ ಭಾಗ ಸಡಿಲಾದಾಗಲೂ ಈ ನಿಷೇಧ ಉಳಿಯಿತು.

ಇನ್ನು ತಕರಾರು ಏಳುವುದು ಆ 1 ಕಿ.ಮೀ. ಆಚೆ. ಕಲ್ಲು ಖಣಿ, ಖಡಿ ಕ್ರಷರ್, ಮುರಮಿನ ಗುಂಡಿ. ರಸ್ತೆಗೂ ಮನೆಗೂ ಖಡಿ ಬೇಕು, ಅದಕ್ಕೆ ಬೇಡ ಎನ್ನಲಾಗದು. ಆದರೆ ಒಂದೊಂದೇ ಸಣ್ಣ ಗುತ್ತಿಗೆಯಾಗಿ ಅರ್ಜಿ ಬಂದಾಗ ಒಟ್ಟು ದೂಳು, ಒಟ್ಟು ಸ್ಫೋಟ ಯಾವ ಕಡತದಲ್ಲೂ ಕಾಣುವುದಿಲ್ಲ. ದೊಡ್ಡ ಯೋಜನೆಗಾದರೆ ಅಹವಾಲು ಸಭೆ ಇದೆ, ಕನಿಷ್ಠ 30 ದಿನ ಮೊದಲು ನೋಟಿಸ್ ಬರಬೇಕು, ಪರಿಸರ ಪರಿಣಾಮ ವರದಿಯ ಸಾರಾಂಶ ಕನ್ನಡದಲ್ಲಿ ಸಿಗಬೇಕು. ಅದನ್ನು ಪಡೆದವರು ಮೊದಲು ನೋಡಬೇಕಾದದ್ದು ಎರಡು: ಧಾಮದ ಗಡಿಯಿಂದ ಗುತ್ತಿಗೆಯ ಅಂಚಿಗೆ ಅಳೆದ ದೂರ, ಮತ್ತು ಅಗೆತಕ್ಕೆ ಮುಂಚೆಯೇ ಸುತ್ತಲ ಬಾವಿಗಳಲ್ಲಿ ಆರ್ಸೆನಿಕ್ ಪರೀಕ್ಷಿಸಿದ್ದಾರೆಯೇ ಎಂಬುದು. ಮೊದಲಿನ ಅಳತೆ ಇಲ್ಲದಿದ್ದರೆ ಮುಂದೆ ನೀರು ಕೆಟ್ಟಾಗ ಅದು ಗಣಿಯಿಂದಲೇ ಎಂದು ಸಾಧಿಸಲು ರೈತನ ಕೈಯಲ್ಲಿ ಏನೂ ಇರುವುದಿಲ್ಲ.