ಚಾಕುವಿನ ಲಾಕ್ ಹಿಡಿಯುತ್ತಿಲ್ಲ, ವಾರಂಟಿ ಇದೆ. ಯಾರನ್ನು ಕೇಳಬೇಕು?

ಪ್ರಶ್ನೆ: ಮೂಡಿಗೆರೆ ಹತ್ತಿರ ನಮ್ಮದು ಸಣ್ಣ ಕಾಫಿ ತೋಟ. ಎಂಟು ತಿಂಗಳ ಹಿಂದೆ ಆನ್‌ಲೈನ್‌ನಲ್ಲಿ 3,400 ರೂಪಾಯಿ ಕೊಟ್ಟು ವಿದೇಶಿ ಕಂಪನಿಯ ಮಡಚುವ ಚಾಕು ತರಿಸಿದ್ದೆ. ಈಗ ಅಲಗು ಅಲ್ಲಾಡುತ್ತದೆ, ಲಾಕ್ ಒಮ್ಮೊಮ್ಮೆ ಹಿಡಿಯುವುದೇ ಇಲ್ಲ. ಮೊನ್ನೆ ಬೆರಳಿಗೆ ಬೀಳುವುದು ಸ್ವಲ್ಪದರಲ್ಲಿ ತಪ್ಪಿತು. ಆ್ಯಪ್‌ನಲ್ಲಿ ಕೇಳಿದರೆ ರಿಟರ್ನ್ ಅವಧಿ ಮುಗಿದಿದೆ ಅನ್ನುತ್ತಾರೆ. ಚಿಕ್ಕಮಗಳೂರಿನ ಅಂಗಡಿಯಲ್ಲಿ ಕೇಳಿದರೆ ಕಂಪನಿಗೆ ಕಳಿಸಿ ಅನ್ನುತ್ತಾರೆ. ಕಂಪನಿ ಅಂದರೆ ಎಲ್ಲಿಗೆ? ನಾನೇ ಬಿಚ್ಚಿ ಸರಿ ಮಾಡಿಕೊಳ್ಳುವುದು ವಾಸಿ ಅಲ್ವಾ?

ಉತ್ತರ: ಮೊದಲು ಆ ಚಾಕುವನ್ನು ಮಡಚಿ, ಮೇಲೊಂದು ರಬ್ಬರ್ ಬ್ಯಾಂಡ್ ಸುತ್ತಿ, ಮಕ್ಕಳ ಕೈಗೆ ಸಿಗದ ಕಡೆ ಇಡಿ. ನಂಬಲಾಗದ ಲಾಕ್ ಇರುವ ಚಾಕು, ಲಾಕೇ ಇಲ್ಲದ ಚಾಕುವಿಗಿಂತ ಅಪಾಯ. ಲಾಕ್ ಇಲ್ಲ ಅಂತ ಗೊತ್ತಿದ್ದರೆ ಕೈ ತಾನಾಗಿ ಹುಷಾರಾಗಿರುತ್ತದೆ. ಇದೆ ಅಂತ ನಂಬಿದಾಗಲೇ ಬೆರಳು ಅಡ್ಡ ಬರುವುದು.

ಇನ್ನು ಬಿಚ್ಚುವ ವಿಷಯ. ದಯವಿಟ್ಟು ಬಿಚ್ಚಬೇಡಿ. ವಾರಂಟಿ ಕೈತಪ್ಪುವುದು ಹೆಚ್ಚಾಗಿ ನಮ್ಮ ಮನೆ ಜಗುಲಿಯಲ್ಲೇ, ನಮ್ಮ ಕೈಯಿಂದಲೇ.

ಇದನ್ನು ನಾನು ದುಡ್ಡು ಕಳೆದುಕೊಂಡು ಕಲಿತಿದ್ದೇನೆ. ಕೆಲವು ವರ್ಷಗಳ ಹಿಂದೆ ನನ್ನ ಚಾಕುವಿನ ಕೀಲು ಸಡಿಲವಾಯಿತು. ಹೇಗೂ ಕಳಿಸುತ್ತೇನಲ್ಲ, ನೀಟಾಗಿ ಕಳಿಸೋಣ ಅಂತ ಸಂತೆ ದಿನ ಸಾಣೆ ಹಿಡಿಯುವವರ ಹತ್ತಿರ ಕೊಟ್ಟೆ. ಅವರು ಸಾಣೆಕಲ್ಲಿಗೆ ಮೋಟಾರ್ ಹಾಕಿಸಿಕೊಂಡಿದ್ದರು. ಕಿಡಿ ಹಾರಿತು. ಎರಡೇ ನಿಮಿಷದಲ್ಲಿ ಮುಂಗೈ ಕೂದಲು ಬೋಳಿಸುವಷ್ಟು ಹರಿತ ಮಾಡಿಕೊಟ್ಟರು. ಮನೆಗೆ ಬಂದು ಬೆಳಕಿಗೆ ಹಿಡಿದರೆ ಮೊನೆಯ ಹತ್ತಿರ ನವಿಲಿನ ಕತ್ತಿನಂಥ ನೀಲಿ. ಉಕ್ಕು ಸುಮಾರು 300 ಡಿಗ್ರಿ ಕಾದಾಗ ಮೇಲೆ ಆ ನೀಲಿ ಬಣ್ಣ ಬರುತ್ತದೆ. ಅಷ್ಟು ಕಾದರೆ ಅಲಗಿಗೆ ಕೊಟ್ಟ ಹದ ಹೋಗುತ್ತದೆ, ಬಾಯಿ ಬೇಗ ಮೊಂಡಾಗುತ್ತದೆ. ಚಾಕು ಕಳಿಸಿದ ಮೇಲೆ ಒಂದೇ ಸಾಲಿನ ಉತ್ತರ ಬಂತು: ಅಲಗನ್ನು ಹೊರಗೆ ಉಜ್ಜಿಸಲಾಗಿದೆ, ವಾರಂಟಿ ಸಿಗುವುದಿಲ್ಲ. ಸಡಿಲವಾಗಿದ್ದು ಕೀಲು, ಸಾಣೆ ಹಿಡಿಸಿದ್ದು ಬಾಯಿಗೆ, ಇದಕ್ಕೂ ಅದಕ್ಕೂ ಏನು ಸಂಬಂಧ ಅಂತ ಬರೆದೆ. ಆಮೇಲೆ ಉತ್ತರವೇ ಇಲ್ಲ. ವಾರವಿಡೀ ಬೈದುಕೊಂಡೆ. ಆದರೆ ಅವರ ಕೈಗೆ ನೆಪ ಕೊಟ್ಟವನು ನಾನೇ ತಾನೆ?

ಹಾಗಾದರೆ ಏನೂ ಮುಟ್ಟಬಾರದಾ ಅಂದರೆ, ತೊಳೆಯಬಹುದು. ತೊಳೆಯಲೇಬೇಕು. ನಮ್ಮ ಕಡೆ ಲಾಕ್ ಹಿಡಿಯದಿರುವುದಕ್ಕೆ ಎಷ್ಟೋ ಸಲ ಕಾರಣ ಬರೀ ಕೊಳೆ. ಮಡಚುವ ಚಾಕುಗಳಲ್ಲಿ ಜಾಸ್ತಿ ಕಾಣುವುದು ಲೈನರ್ ಲಾಕ್. ಹಿಡಿಯ ಒಳಗೆ ಒಂದು ತೆಳ್ಳನೆ ಲೋಹದ ಪಟ್ಟಿ ಇರುತ್ತದೆ. ಅಲಗು ಪೂರ್ತಿ ತೆರೆದುಕೊಂಡಾಗ ಆ ಪಟ್ಟಿ ಸ್ಪ್ರಿಂಗ್ ಥರ ಪಕ್ಕಕ್ಕೆ ಸರಿದು ಅಲಗಿನ ಬುಡದ ಹಿಂದೆ ಕೂರುತ್ತದೆ, ಬಾಗಿಲಿಗೆ ಅಗುಳಿ ಹಾಕಿದ ಹಾಗೆ. ಆ ಜಾಗದಲ್ಲಿ ಸಾಸಿವೆ ಕಾಳಿನಷ್ಟು ಹಲಸಿನ ಮೇಣ ಕೂತರೂ ಅಗುಳಿ ಸರಿಯಾಗಿ ಬೀಳುವುದಿಲ್ಲ. ಹಲಸಿನ ಹಣ್ಣು ಬಿಡಿಸುವಾಗ ಕೈಗೆ ಎಣ್ಣೆ ಹಚ್ಚಿಕೊಳ್ಳುತ್ತೇವೆ, ಕತ್ತಿಗೆ ಹಚ್ಚುತ್ತೇವೆ. ಜೇಬಿನ ಚಾಕುವಿನ ಕೀಲಿಗೆ ಯಾರು ಹಚ್ಚುತ್ತಾರೆ ಹೇಳಿ!

ತೊಳೆಯುವ ಮುಂಚೆ ಲಾಕ್ ತಪ್ಪುವುದನ್ನು ಮೊಬೈಲ್‌ನಲ್ಲಿ ಒಂದು ವಿಡಿಯೊ ಮಾಡಿಕೊಳ್ಳಿ. ಆಮೇಲೆ ಕೀಲಿನ ಸಂದಿಗೆ ನಾಲ್ಕು ಹನಿ ಕೊಬ್ಬರಿ ಎಣ್ಣೆ ಬಿಟ್ಟು ಒಂದು ಗಂಟೆ ಸುಮ್ನೆ ಬಿಡಿ. ಮೇಣ ಸೋಪಿಗೆ ಬಗ್ಗುವುದಿಲ್ಲ, ಎಣ್ಣೆಗೆ ಬಗ್ಗುತ್ತದೆ. ಹಳೆ ಟೂತ್‌ಬ್ರಷ್‌ನಿಂದ ಉಜ್ಜಿ, ಉಗುರುಬೆಚ್ಚಗಿನ ನೀರಿಗೆ ಪಾತ್ರೆ ತೊಳೆಯುವ ಸೋಪು ಹಾಕಿ, ಅದರೊಳಗೇ ನಾಲ್ಕೈದು ಸಲ ತೆರೆದು ಮಡಚಿ. ಬೆರಳು ಅಲಗಿನ ದಾರಿಗೆ ಬರಬಾರದು, ಅಷ್ಟೇ. ಒರೆಸಿ, ಚೆನ್ನಾಗಿ ಒಣಗಿಸಿ, ಕೊನೆಗೆ ಒಂದು ಹನಿ ಹೊಲಿಗೆ ಮೆಷಿನ್ ಎಣ್ಣೆ. ಕೊಬ್ಬರಿ ಎಣ್ಣೆಯನ್ನೇ ಒಳಗೆ ಉಳಿಸಬೇಡಿ. 24 ಡಿಗ್ರಿಗಿಂತ ಕೆಳಗೆ ಅದು ಹೆಪ್ಪುಗಟ್ಟುತ್ತದೆ. ನಮ್ಮ ಡಿಸೆಂಬರ್ ಬೆಳಗಿನಲ್ಲಿ ಬಚ್ಚಲಮನೆಯ ಎಣ್ಣೆ ಬಾಟಲಿ ನೋಡಿದವರಿಗೆ ಇದನ್ನು ಹೇಳಬೇಕಾಗಿಲ್ಲ.

ಈಗ ಮತ್ತೆ ನೋಡಿ. ಹಿಡಿಯನ್ನು ಒಂದು ಕೈಯಲ್ಲಿ, ತೆರೆದ ಅಲಗಿನ ಬೆನ್ನನ್ನು ಇನ್ನೊಂದು ಕೈಯ ಎರಡು ಬೆರಳಲ್ಲಿ ಹಿಡಿದು ಮೆಲ್ಲಗೆ ಅಲ್ಲಾಡಿಸಿ. ಅಲಗು ಎಡಕ್ಕೂ ಬಲಕ್ಕೂ ಆಡಿದರೆ ಸಾಮಾನ್ಯವಾಗಿ ಕೀಲಿನ ಸ್ಕ್ರೂ ಸಡಿಲ. ಇದು ಸಣ್ಣ ವಿಷಯ. ಕೆಲವು ಕಂಪನಿಗಳು ಆ ಒಂದು ಸ್ಕ್ರೂವನ್ನು ಬಿಗಿ ಮಾಡಿಕೊಳ್ಳಲು ಬಿಡುತ್ತವೆ, ವಾರಂಟಿ ಚೀಟಿ ಓದಿ. ಆದರೆ ಮಡಚುವ ದಿಕ್ಕಿನಲ್ಲೇ, ಅಂದರೆ ಮೇಲಕ್ಕೂ ಕೆಳಕ್ಕೂ ಆಡಿದರೆ ಲಾಕ್‌ನಲ್ಲೇ ತೊಂದರೆ. ಅಲಗು ತೆರೆದಿಟ್ಟು ಪಟ್ಟಿ ಎಲ್ಲಿ ಕೂತಿದೆ ಅಂತಲೂ ನೋಡಿ. ಬುಡದ ಅಂಚಿಗೆ ಮಾತ್ರ ತಾಗಿದ್ದರೆ ಅಥವಾ ಪೂರ್ತಿ ದಾಟಿ ಆಚೆ ಬದಿಗೆ ಹೋಗಿ ಒರಗಿದ್ದರೆ, ಎಂಟು ತಿಂಗಳ ಚಾಕುವಿಗೆ ಅದು ಸರಿಯಲ್ಲ. ತೊಳೆದ ಮೇಲೂ ಹೀಗೇ ಇದ್ದರೆ ನಿಮ್ಮದು ನ್ಯಾಯವಾದ ವಾರಂಟಿ ಕೇಸು.

ಮಧ್ಯೆ ಒಂದು ಮಾತು. ಸಕಲೇಶಪುರ ಕಡೆಯವರು ಮಳೆಗಾಲದಲ್ಲಿ ಇದಕ್ಕೆ ಉಲ್ಟಾ ದೂರು ಹೇಳುತ್ತಾರೆ: ಅಲಗು ತೆರೆಯುವುದಕ್ಕೇ ಬರಲ್ಲ ಅಂತ. ಅದು ಮರದ ಹಿಡಿಯ ಚಾಕು, 1890ರಿಂದ ಫ್ರಾನ್ಸ್‌ನ ಸವೋಯ್ ಪ್ರಾಂತ್ಯದವರು ಮಾಡುತ್ತಾ ಬಂದಿರುವ ಒಪಿನೆಲ್ ಥರದ್ದು. ಜೂನ್‌, ಜುಲೈ ಥಂಡಿಗೆ ಮರ ಉಬ್ಬಿ ಅಲಗನ್ನು ಕಚ್ಚಿಕೊಳ್ಳುತ್ತದೆ. ಮನೆಯ ಬಾಗಿಲು ಕಚ್ಚಿಕೊಳ್ಳುವುದಿಲ್ಲವಾ, ಹಾಗೆ. ಅದು ದೋಷ ಅಲ್ಲ, ವಾರಂಟಿ ಕೇಳಲು ಹೋಗಬೇಡಿ. ಸವೋಯ್‌ನವರೇ ಲಾಕ್ ಉಂಗುರ ಬಿಡಿಸಿ, ಹಿಡಿಯ ಹಿಂಬದಿಯನ್ನು ಮೇಜಿಗೆ ಕುಟ್ಟಿ ಅಲಗನ್ನು ಹೊರಗೆ ತರುತ್ತಾರೆ.

ವಾರಂಟಿ ಅನ್ನುವ ಪದಕ್ಕೂ ಸ್ವಲ್ಪ ಮಿತಿ ಇದೆ. ವಿಕ್ಟೋರಿನಾಕ್ಸ್‌ನವರ ಜೀವಮಾನದ ವಾರಂಟಿ, ಲೆದರ್‌ಮ್ಯಾನ್‌ನವರ 25 ವರ್ಷದ ವಾರಂಟಿ, ಇವೆಲ್ಲ ಕೇಳಲು ಚೆಂದ. ಆದರೆ ಅವು ವಸ್ತುವಿನ ಮತ್ತು ತಯಾರಿಕೆಯ ದೋಷಕ್ಕೆ ಮಾತ್ರ. ಸವೆತ, ಮೊಂಡಾದ ಬಾಯಿ, ತಪ್ಪು ಬಳಕೆ ಇದರೊಳಗೆ ಬರುವುದಿಲ್ಲ. ಕಾಫಿ ಮೂಟೆಯ ಹೊಲಿಗೆ ಬಿಚ್ಚಿದ್ದು ಬಳಕೆ. ಪೇಂಟ್ ಡಬ್ಬದ ಮುಚ್ಚಳ ಮೀಟಿ ಮೊನೆ ಮುರಿದುಕೊಂಡಿದ್ದು ನಮ್ಮ ಹಣೆಬರಹ.

ಈಗ ನಿಮ್ಮ ಮುಖ್ಯ ಪ್ರಶ್ನೆ, ಕಂಪನಿ ಅಂದರೆ ಎಲ್ಲಿಗೆ. ವಿದೇಶಕ್ಕಂತೂ ಕಳಿಸಬೇಡಿ. ಹೋಗುವ ಖರ್ಚಿನಲ್ಲಿ ಅರ್ಧ ಚಾಕು ಬರುತ್ತದೆ, ವಾಪಸ್ ಬರುವಾಗ ಕಸ್ಟಮ್ಸ್ ತಲೆನೋವು ಬೇರೆ. ಚಾಕು ಬಂದ ಡಬ್ಬ ಹುಡುಕಿ, ಅದರ ಹಿಂದೆ ಅಂಟಿಸಿರುವ ಬಿಳಿ ಚೀಟಿ ಓದಿ. 2011ರ ಪ್ಯಾಕೇಜ್ಡ್ ಕಮಾಡಿಟೀಸ್ ನಿಯಮದ ಪ್ರಕಾರ ಹೊರದೇಶದ ಮಾಲಿನ ಮೇಲೆ ಆಮದುದಾರರ ಹೆಸರು, ವಿಳಾಸ, ಯಾವ ದೇಶದ್ದು, ಗರಿಷ್ಠ ಬೆಲೆ, ದೂರು ಹೇಳಲು ಫೋನ್ ನಂಬರ್, ಇಮೇಲ್ ಇರಬೇಕು. ನಿಮ್ಮ ಮಟ್ಟಿಗೆ ಕಂಪನಿ ಅಂದರೆ ಆ ಆಮದುದಾರರೇ. ಡಬ್ಬ ಒಲೆಗೆ ಹೋಗಿದ್ದರೆ ಆ್ಯಪ್‌ನಲ್ಲಿ ಹಳೆ ಆರ್ಡರ್ ತೆಗೆದು, ಆ ವಸ್ತುವಿನ ಪುಟದಲ್ಲಿ ಆಮದುದಾರರ ವಿವರ ನೋಡಿ. ಬಿಲ್ ಕೂಡ ಅಲ್ಲೇ ಡೌನ್‌ಲೋಡ್ ಆಗುತ್ತದೆ. ಎಲ್ಲೂ ಆಮದುದಾರರ ಹೆಸರೇ ಇಲ್ಲ ಅಂದರೆ ನನಗೆ ಅನುಮಾನ ಶುರುವಾಗುತ್ತದೆ. ನಕಲಿ ಮಾಲಿಗೆ ಅಸಲಿ ಕಂಪನಿ ವಾರಂಟಿ ಕೊಡುವುದಿಲ್ಲ. ಆಗ ಹಿಡಿಯಬೇಕಾಗಿದ್ದು ಮಾರಿದವರನ್ನು.

ರಿಟರ್ನ್ ಅವಧಿ ಮುಗಿದಿದೆ ಅನ್ನುವ ಉತ್ತರಕ್ಕೆ ಸುಮ್ಮನಾಗಬೇಡಿ. ರಿಟರ್ನ್ ಬೇರೆ, ವಾರಂಟಿ ಬೇರೆ. ಚಾಟ್‌ನಲ್ಲಿ ಗುದ್ದಾಡುವುದು ಬಿಟ್ಟು ಆ್ಯಪ್‌ನ ಕುಂದುಕೊರತೆ ಅಧಿಕಾರಿಗೆ ಇಮೇಲ್ ಮಾಡಿ. 2020ರ ಇ-ಕಾಮರ್ಸ್ ನಿಯಮದಂತೆ ಅವರು 48 ಗಂಟೆಯೊಳಗೆ ದೂರು ಸಿಕ್ಕಿದೆ ಅಂತ ಹೇಳಬೇಕು, ಒಂದು ತಿಂಗಳೊಳಗೆ ಪರಿಹಾರ ಕೊಡಬೇಕು.

ಆಮದುದಾರರಿಗೆ ಬರೆಯುವಾಗ ಕಥೆ ಬೇಡ, ಸಿಟ್ಟು ಬೇಡ. ಇಷ್ಟು ಸಾಕು: "ಈ ಮಾದರಿಯ ಚಾಕುವನ್ನು ಈ ತಾರೀಕು ಕೊಂಡಿದ್ದೇನೆ, ಬಿಲ್ ಲಗತ್ತಿಸಿದ್ದೇನೆ. ಅಲಗು ಪೂರ್ತಿ ತೆರೆದ ಮೇಲೂ ಲಾಕ್ ಜಾರುತ್ತದೆ, ಅಲಗು ಮೇಲೆ ಕೆಳಗೆ ಅಲ್ಲಾಡುತ್ತದೆ. ತೊಳೆದು ಎಣ್ಣೆ ಹಾಕಿದರೂ ಸರಿಹೋಗಿಲ್ಲ. ಬಿಚ್ಚಿಲ್ಲ, ಸಾಣೆ ಹಿಡಿಸಿಲ್ಲ. ವಿಡಿಯೊ ಕಳಿಸಿದ್ದೇನೆ. ವಾರಂಟಿಯಲ್ಲಿ ಸರಿ ಮಾಡಿಕೊಡಿ ಅಥವಾ ಬದಲಿಸಿ ಕೊಡಿ. ಎಲ್ಲಿಗೆ ಕಳಿಸಬೇಕು, ಕೊರಿಯರ್ ಖರ್ಚು ಯಾರದ್ದು ತಿಳಿಸಿ." ಬಿಚ್ಚಿಲ್ಲ, ಸಾಣೆ ಹಿಡಿಸಿಲ್ಲ ಅನ್ನುವ ಮೂರು ಪದ ಬರೆಯುವ ಯೋಗ ನನಗಿರಲಿಲ್ಲ. ನಿಮಗಿದೆ. ಫೋನ್‌ನಲ್ಲಿ ಮಾತಾಡಿದರೂ ಮಾತಾಡಿದ್ದನ್ನು ಇಮೇಲ್‌ನಲ್ಲಿ ಬರೆದು ಹಾಕಿ. ದೂರಿನ ನಂಬರ್ ಬರುವ ತನಕ ಚಾಕು ಕಳಿಸಬೇಡಿ. ನಂಬರ್ ಇಲ್ಲದೆ ಹೋದ ಪಾರ್ಸೆಲ್ ಗೋಡೌನಿನ ಮೂಲೆ ಸೇರುತ್ತದೆ.

ಪಾರ್ಸೆಲ್ ಕಟ್ಟುವುದರಲ್ಲಿ ಸೋಮಾರಿತನ ಬೇಡ. ಲಾಕ್ ಕೆಟ್ಟ ಚಾಕು ದಾರಿಯಲ್ಲಿ ತೆರೆದುಕೊಂಡರೆ ಯಾರದ್ದೋ ಕೈ ಕುಯ್ಯುತ್ತದೆ. ಚೂಪಾದ ವಸ್ತುವನ್ನು ಸರಿಯಾಗಿ ಮುಚ್ಚದೆ ಅಂಚೆಗೆ ಹಾಕಬಾರದು ಅಂತ 1898ರ ಅಂಚೆ ಕಾಯ್ದೆಯಲ್ಲೇ ಇತ್ತು. ಮಡಚಿದ ಚಾಕುವಿನ ಸುತ್ತ ರಟ್ಟು ಸುತ್ತಿ, ಅದರ ಮೇಲೆ ಟೇಪ್ ಎರಡು ಸುತ್ತು. ಹಿಡಿಗೆ ನೇರವಾಗಿ ಟೇಪ್ ಅಂಟಿಸಬೇಡಿ, ಅಂಟು ಉಳಿಯುತ್ತದೆ. ಅದನ್ನು ಸಣ್ಣ ಗಟ್ಟಿ ಡಬ್ಬದಲ್ಲಿಟ್ಟು, ಅಲುಗಿಸಿದರೆ ಸದ್ದು ಬರದ ಹಾಗೆ ಪೇಪರ್ ತುರುಕಿ. ಒಳಗೆ ಬಿಲ್‌ನ ಜೆರಾಕ್ಸ್, ದೂರಿನ ನಂಬರ್, ನಿಮ್ಮ ವಿಳಾಸ. ಅಸಲಿ ಬಿಲ್ ಮನೆಯಲ್ಲೇ ಇರಲಿ.

ಕೊರಿಯರ್ ಕೌಂಟರಿನಲ್ಲಿ "ಒಳಗೇನಿದೆ ಸಾರ್?" ಅಂತ ಕೇಳೇ ಕೇಳುತ್ತಾರೆ. ನಾನು ಮೊದಲ ಸಲ "ಚಾಕು" ಅಂದೆ, ಹುಡುಗ ಪಾರ್ಸೆಲನ್ನು ಎರಡು ಬೆರಳಲ್ಲಿ ಹಿಂದಕ್ಕೆ ತಳ್ಳಿದ. ಟೂಲ್ಸ್ ಅಂತ ಸುಳ್ಳು ಬರೆಸಿ ಅಂತ ಪಕ್ಕದವರು ಸಲಹೆ ಕೊಟ್ಟರು. ಹಾಗೆ ಮಾಡಬೇಡಿ. ಪಾರ್ಸೆಲ್ ಕಳೆದುಹೋದರೆ ಕೇಳುವ ಹಕ್ಕೂ ಹೋಗುತ್ತದೆ. "ಮಡಚುವ ಚಾಕು, ವಾರಂಟಿ ರಿಪೇರಿಗೆ" ಅಂತ ಇಮೇಲ್ ತೋರಿಸಿ ಹೇಳಿ. ಒಬ್ಬರು ಒಲ್ಲೆ ಅಂದರೆ ಇನ್ನೊಬ್ಬರು ತಗೊಳ್ಳುತ್ತಾರೆ. ಎಲ್ಲಕ್ಕಿಂತ ಸುಲಭ, ಅವರ ಕೊರಿಯರ್‌ನವರನ್ನೇ ಮನೆಗೆ ಕಳಿಸಿ ಅಂತ ಆಮದುದಾರರನ್ನು ಮೊದಲೇ ಕೇಳುವುದು.

ಉತ್ತರವೇ ಬರದಿದ್ದರೆ? ಎರಡು ವಾರ ಕಾಯಿರಿ, ಒಂದು ನೆನಪೋಲೆ ಹಾಕಿ, ಆಮೇಲೆ ರಾಷ್ಟ್ರೀಯ ಗ್ರಾಹಕ ಸಹಾಯವಾಣಿ 1915ಕ್ಕೆ ಫೋನ್ ಮಾಡಿ. ಕನ್ನಡದಲ್ಲೇ ಮಾತಾಡಬಹುದು. ಅದಕ್ಕೂ ಬಗ್ಗದಿದ್ದರೆ ಜಿಲ್ಲಾ ಗ್ರಾಹಕರ ಆಯೋಗ. 2019ರ ಗ್ರಾಹಕ ಸಂರಕ್ಷಣಾ ಕಾಯ್ದೆ ಬಂದ ಮೇಲೆ ನೀವು ಇರುವ ಊರಿನ ಜಿಲ್ಲೆಯಲ್ಲೇ ದೂರು ಕೊಡಬಹುದು. ಆಮದುದಾರರು ಮುಂಬೈಯಲ್ಲಿರಲಿ, ದೆಹಲಿಯಲ್ಲಿರಲಿ, ನೀವು ಚಿಕ್ಕಮಗಳೂರಿಗೆ ಹೋದರೆ ಸಾಕು. ಹಾಸನದವರಿಗೆ ಹಾಸನದಲ್ಲೇ ಇದೆ. ಕೊಟ್ಟ ಬೆಲೆ 5 ಲಕ್ಷದೊಳಗಿದ್ದರೆ ಶುಲ್ಕ ಇಲ್ಲ, ವಕೀಲರು ಇರಲೇಬೇಕು ಅಂತಿಲ್ಲ, ತೊಂದರೆ ಶುರುವಾಗಿ ಎರಡು ವರ್ಷದೊಳಗೆ ದೂರು ಹೋಗಬೇಕು. ಆದರೂ ನಿಜ ಹೇಳಬೇಕೆಂದರೆ, 3,400 ರೂಪಾಯಿಗೆ ಮೂಡಿಗೆರೆಯಿಂದ ಬಸ್ಸು ಹತ್ತಿ ಓಡಾಡುವ ಮುಂಚೆ ನಾನಾದರೆ ಎರಡು ಸಲ ಯೋಚನೆ ಮಾಡುತ್ತೇನೆ. 1915ರ ಹಂತದಲ್ಲೇ ಮುಗಿಸಲು ನೋಡಿ.

ಚಾಕು ವಾಪಸ್ ಬಂದಾಗ ಡಬ್ಬ ಒಡೆಯುವುದನ್ನೂ ವಿಡಿಯೊ ಮಾಡಿ. ರಿಪೇರಿಯಾದ ನಿಮ್ಮ ಚಾಕುವೇ ಬರಬಹುದು, ಹೊಸದೇ ಬರಬಹುದು, ನಿಮ್ಮ ಮಾದರಿ ನಿಂತುಹೋಗಿದ್ದರೆ ಬೇರೆಯದೂ ಬರಬಹುದು. ಹಿಡಿಯ ಮೇಲೆ ಹೆಸರು ಕೆತ್ತಿಸಿದ್ದರೆ, ಅಪ್ಪ ಕೊಟ್ಟಿದ್ದು ಅಂತ ಇದ್ದರೆ, ಬದಲಿಸಬೇಡಿ, ಇದನ್ನೇ ಸರಿ ಮಾಡಿ ಅಂತ ಮೊದಲ ಪತ್ರದಲ್ಲೇ ಬರೆಯಿರಿ. ಬಂದದ್ದನ್ನು ಅವತ್ತೇ ಅಲ್ಲಾಡಿಸಿ ನೋಡಿ, ಮೊದಲು ಮೇಲೆ ಕೆಳಗೆ, ಆಮೇಲೆ ಎಡಕ್ಕೆ ಬಲಕ್ಕೆ. ಬಿಳಿ ಚೀಟಿ ಇರುವ ಡಬ್ಬವನ್ನು ಈ ಸಲ ಅಟ್ಟದ ಮೇಲಾದರೂ ಹಾಕಿಡಿ.