ವೇಕ್ ಬೋಟ್ ನಿಯಮ: 500 ಅಡಿ, 20 ಅಡಿ, 50 ಎಕರೆ ಏಕೆ?

ವೇಕ್ ಬೋಟ್ ಎಂದರೆ ಜಲಕ್ರೀಡೆಗಾಗಿ ಹಿಂದೆ ದೊಡ್ಡ ಅಲೆ ಎಬ್ಬಿಸುವ ದೋಣಿ. ಅಮೆರಿಕದ ವರ್ಮಾಂಟ್ ರಾಜ್ಯ 2024ರ ಏಪ್ರಿಲ್‌ನಲ್ಲಿ ಇದಕ್ಕೆ ನಿಯಮ ಜಾರಿಗೆ ತಂದಿತು: ಇಂಥ ಅಲೆ ಎಬ್ಬಿಸುವ ಜಾಗ ದಡದಿಂದ ಕನಿಷ್ಠ 500 ಅಡಿ ದೂರ, ಕನಿಷ್ಠ 20 ಅಡಿ ಆಳ, ಕನಿಷ್ಠ 50 ಎಕರೆ ಇರಬೇಕು. ಇದರ ಅಂಕಿಗಳನ್ನು ಸುಮ್ನೆ ಬಾಯಿಪಾಠ ಮಾಡಿದರೆ ಅದಲುಬದಲಾಗುತ್ತವೆ. ಕಾರಣ ತಿಳಿದರೆ ಮರೆಯುವುದಿಲ್ಲ.

ವೇಕ್‌ಸರ್ಫಿಂಗ್‌ನಲ್ಲಿ ಸವಾರರು ಹಗ್ಗ ಕೈಬಿಟ್ಟು, ದೋಣಿಯ ಹಿಂದೆ ಏಳುವ ಅಲೆಯ ಮೇಲೆಯೇ ಜಾರುತ್ತಾರೆ. ಅಲೆ ದೊಡ್ಡದಾಗಲು ದೋಣಿಯ ಬ್ಯಾಲಸ್ಟ್ ಟ್ಯಾಂಕ್‌ಗಳಿಗೆ (ಭಾರ ಹೆಚ್ಚಿಸುವ ತೊಟ್ಟಿಗಳಿಗೆ) ಸರೋವರದ ನೀರು ತುಂಬಿ ಹಿಂಭಾಗವನ್ನು ತಗ್ಗಿಸುತ್ತಾರೆ. ವೇಗ ಗಂಟೆಗೆ ಸುಮಾರು 10–12 ಮೈಲಿ ಅಷ್ಟೆ. ಹಾಗಾಗಿ ಸಾಮಾನ್ಯ ವೇಗಮಿತಿ ಇಲ್ಲಿ ಕೆಲಸಕ್ಕೆ ಬರುವುದಿಲ್ಲ.

ದಡದಿಂದ 500 ಅಡಿ ದೂರ ಅಲೆಗಾಗಿ. ಅಲೆಯ ಎತ್ತರ ಎರಡು ಪಟ್ಟಾದರೆ ಅದರ ಶಕ್ತಿ ನಾಲ್ಕು ಪಟ್ಟಾಗುತ್ತದೆ. ದಡದ ಮಣ್ಣು ಕೊಚ್ಚಿಹೋಗುತ್ತದೆ, ನೀರಂಚಿನಲ್ಲೇ ಗೂಡು ಕಟ್ಟುವ ಲೂನ್ ಹಕ್ಕಿಯ ಮೊಟ್ಟೆಗೂ ಅಪಾಯ. ಈ ಅಲೆ ಮಾಮೂಲಿ ದೋಣಿಯ ಅಲೆಯ ಮಟ್ಟಕ್ಕೆ ಇಳಿಯಲು 500 ಅಡಿಗಿಂತ ಜಾಸ್ತಿ ದೂರ ಬೇಕು ಎಂದು ಮಿನೆಸೋಟ ವಿಶ್ವವಿದ್ಯಾಲಯದ 2022ರ ಅಧ್ಯಯನ ತೋರಿಸಿತ್ತು.

20 ಅಡಿ ಆಳ ಪ್ರೊಪೆಲ್ಲರ್‌ಗಾಗಿ. ಹಿಂಭಾಗ ತಗ್ಗಿದಾಗ ಪ್ರೊಪೆಲ್ಲರ್ ನೀರನ್ನು ಕೆಳಮುಖವಾಗಿ ತಳ್ಳುತ್ತದೆ. ಆಳ ಕಡಿಮೆಯಿದ್ದರೆ ತಳದ ಹೂಳು ಕದಡಿ, ಅದರಲ್ಲಿದ್ದ ರಂಜಕ (ಫಾಸ್ಫರಸ್) ಮೇಲೆ ಬಂದು ಪಾಚಿಗೆ ಗೊಬ್ಬರವಾಗುತ್ತದೆ.

ಈ ಎರಡೂ ಷರತ್ತು ಪೂರೈಸುವ ಜಾಗ ಒಂದೇ ಕಡೆ 50 ಎಕರೆ ಇರಬೇಕು. ಒಂದು ಸರೋವರದ ಅಗಲ 900 ಅಡಿ ಎಂದುಕೊಳ್ಳಿ. ಎರಡೂ ದಡದಿಂದ 500 ಅಡಿ ಬಿಟ್ಟರೆ ನಡುವೆ ಏನೂ ಉಳಿಯುವುದಿಲ್ಲ, ಅಲ್ವಾ? ಚಿಕ್ಕ ಸರೋವರಗಳು ತಾವಾಗಿಯೇ ಹೊರಗುಳಿಯುವುದು ಹೀಗೆ.

'ಹೋಮ್ ಲೇಕ್' ಷರತ್ತನ್ನು ತುಂಬ ಜನ ಬಿಟ್ಟುಬಿಡುತ್ತಾರೆ. ನನಗೆ ಅದೇ ಅತಿ ಮುಖ್ಯ ಅನಿಸುತ್ತದೆ. ಬ್ಯಾಲಸ್ಟ್ ಟ್ಯಾಂಕ್ ಎಷ್ಟು ಬಸಿದರೂ ಒಂದಿಷ್ಟು ನೀರು ಉಳಿದೇ ಉಳಿಯುತ್ತದೆ. ಹೊಸ ಸರೋವರಗಳನ್ನು ಆಕ್ರಮಿಸುವ ಜೀಬ್ರಾ ಮಸಲ್ ಎಂಬ ಚಿಪ್ಪುಜೀವಿಯ ಕಣ್ಣಿಗೆ ಕಾಣದ ಮರಿಗಳು ಅದರಲ್ಲೇ ಇನ್ನೊಂದು ಸರೋವರ ಸೇರಬಹುದು. ಅದಕ್ಕೇ 2024ರ ನಿಯಮದಂತೆ ದೋಣಿಗೆ ವರ್ಷಕ್ಕೊಂದೇ 'ಹೋಮ್ ಲೇಕ್'. ಬೇರೆ ಸರೋವರಕ್ಕೆ ಹೋಗಿ ಬಂದರೆ, ಅದಕ್ಕೆ ಮರಳುವ ಮುನ್ನ ಶುದ್ಧೀಕರಣ ಕಡ್ಡಾಯ.

ವಿಸ್ಕಾನ್ಸಿನ್‌ನಲ್ಲಿ ಚಿತ್ರ ಬೇರೆ. ದಡದಿಂದ 100 ಅಡಿಯೊಳಗೆ ಅಲೆ ಏಳದಷ್ಟು ನಿಧಾನವಾಗಿ ಹೋಗಬೇಕು ಎಂಬುದು ರಾಜ್ಯದ ಕಾನೂನು. ಅದರ ಮೇಲೆ ಹಲವು ಟೌನ್‌ಗಳು ತಮ್ಮದೇ ನಿಯಮ ಮಾಡಿಕೊಂಡಿವೆ. ಇವನ್ನು ಓದುವಾಗ ಒಂದು ಪದ ಗಮನಿಸಿ: ಸಾಮಾನ್ಯವಾಗಿ ನಿಷೇಧ ದೋಣಿಗಲ್ಲ, 'ಕೃತಕವಾಗಿ ಹಿಗ್ಗಿಸಿದ ಅಲೆ'ಗೆ. ಟ್ಯಾಂಕ್ ಖಾಲಿ ಇಟ್ಟುಕೊಂಡು ಅದೇ ದೋಣಿ ಅಲ್ಲಿ ಮಾಮೂಲಿನಂತೆ ಓಡಬಹುದು.