ಉತ್ತರಾಯಣ ಶುರುವಾಗುವುದು ಯಾವತ್ತು?

"ಸೂರ್ಯ ತನ್ನ ಪಥ ಬದಲಿಸುವ ದಿನ." ಪ್ರತಿ ವರ್ಷ ಜನವರಿ ಎರಡನೇ ವಾರಕ್ಕೆ, ಮಕರ ಸಂಕ್ರಾಂತಿ ಹತ್ತಿರವಾದಾಗ, ಈ ಸಾಲು ಬಂದೇ ಬರುತ್ತದೆ. ಟಿವಿಯಲ್ಲಿ ಬರುತ್ತದೆ, ಪೇಪರಿನಲ್ಲಿ ಬರುತ್ತದೆ, ವಾಟ್ಸಾಪಿನಲ್ಲಂತೂ ಹೇಳೋದೇ ಬೇಡ. ಇಷ್ಟು ದಿನ ಸುಮ್ಮನಿದ್ದೆ. ಈ ಸಲ ಡಿಸೆಂಬರ್ 22ಕ್ಕೆ, ರಾಷ್ಟ್ರೀಯ ಗಣಿತ ದಿನದಂದು, ದಾವಣಗೆರೆಯ ಒಂದು ಶಾಲೆಯ ವಸ್ತುಪ್ರದರ್ಶನಕ್ಕೆ ಹೋಗಿದ್ದೆ. ಹೈಸ್ಕೂಲ್ ಮಕ್ಕಳು ತಾವೇ ಮಾಡಿದ ನೀರಿನ ರಾಕೆಟ್ ಹಾರಿಸುತ್ತಿದ್ದರು. ಪಕ್ಕದಲ್ಲೇ ಒಂದು ಚಾರ್ಟು ನೇತುಹಾಕಿದ್ದರು: "ಜನವರಿ 14, ಉತ್ತರಾಯಣ ಆರಂಭ. ಸೂರ್ಯ ಉತ್ತರಾರ್ಧಗೋಳಕ್ಕೆ ಬರುತ್ತಾನೆ. ಹಗಲು ರಾತ್ರಿ ಸಮ." ಮೂರು ಮಾತು, ಮೂರೂ ತಪ್ಪು. ಉತ್ತರಾಯಣ ನಾನು ಹೋದ ಹಿಂದಿನ ದಿನವೇ, ಡಿಸೆಂಬರ್ 21ಕ್ಕೆ, ಶುರುವಾಗಿತ್ತು. ಮಕ್ಕಳನ್ನು ದೂರುವ ಹಾಗಿಲ್ಲ. ದೊಡ್ಡವರು ಹೇಳಿದ್ದನ್ನೇ ಅವರು ಬರೆದಿದ್ದಾರೆ.

ಮೊದಲು ‘ಅಯನ’ ನೋಡೋಣ. ಸಂಸ್ಕೃತದಲ್ಲಿ ‘ಇ’ ಎಂಬ ಧಾತುವಿಗೆ ಹೋಗು ಎಂದರ್ಥ. ಅದರಿಂದ ಬಂದದ್ದು ಅಯನ: ಹೋಗುವುದು, ಹೋಗುವ ದಾರಿ. ರಾಮಾಯಣ ಎಂದರೆ ರಾಮ ನಡೆದ ದಾರಿ. ಪಾರಾಯಣ ಎಂದರೆ ಆಚೆ ದಡ ಮುಟ್ಟುವ ತನಕ ಹೋಗುವುದು, ಅಂದರೆ ಮೊದಲಿಂದ ಕೊನೆವರೆಗೆ ಓದುವುದು. ಪಲಾಯನ ಎಂದರೆ ದೂರ ಹೋಗಿಬಿಡುವುದು. ಇಲ್ಲೇ ಕಾಗುಣಿತದ ವಿಷಯವನ್ನೂ ಹೇಳಿಬಿಡುತ್ತೇನೆ. ಹಿಂದೆ ‘ರ’ ಇದ್ದರೆ ಅಯನದ ‘ನ’ ‘ಣ’ ಆಗುತ್ತದೆ. ಹಾಗಾಗಿ ರಾಮಾಯಣ, ಪಾರಾಯಣ, ಉತ್ತರಾಯಣ. ಪಲಾಯನದಲ್ಲಿ ‘ಪರಾ’ ಹೋಗಿ ‘ಪಲಾ’ ಆಗಿದೆ, ‘ರ’ ಇಲ್ಲ, ಆದ್ದರಿಂದ ‘ನ’ ಹಾಗೇ ಉಳಿಯಿತು. ದಕ್ಷಿಣಾಯನದಲ್ಲೂ ‘ನ’ವೇ ಸರಿ. ‘ದಕ್ಷಿಣಾಯಣ’ ಎಂದು ಮದುವೆ ಕಾರ್ಡುಗಳಲ್ಲಿ ಅಚ್ಚಾಗುವುದು ತಪ್ಪು.

ಈ ಪದಗಳಲ್ಲೆಲ್ಲ ಇರುವುದು ನಡೆ. ಸೂರ್ಯ ಎಲ್ಲಿ ನಿಂತಿದ್ದಾನೆ ಎಂಬುದನ್ನು ಅಯನ ಹೇಳುವುದಿಲ್ಲ, ಯಾವ ಕಡೆ ಹೊರಟಿದ್ದಾನೆ ಎಂಬುದನ್ನು ಹೇಳುತ್ತದೆ. ಉತ್ತರಾಯಣ ಶುರುವಾದ ದಿನ ಸೂರ್ಯ ಉತ್ತರದಲ್ಲಿ ಇರುವುದೇ ಇಲ್ಲ. ವರ್ಷದಲ್ಲೇ ಅತಿ ಹೆಚ್ಚು ದಕ್ಷಿಣದಲ್ಲಿ ಇರುತ್ತಾನೆ, ಸಮಭಾಜಕದಿಂದ ಸುಮಾರು 23.4 ಡಿಗ್ರಿ ಕೆಳಗೆ. ಅಲ್ಲಿಂದ ಮುಂದೆ ಹೋಗಲ್ಲ, ವಾಪಸ್ ಹೊರಡುತ್ತಾನೆ. ಹಾಗೆ ಹೊರಡುವ ದಿನ ಡಿಸೆಂಬರ್ 21 ಅಥವಾ 22. ಉತ್ತರಾರ್ಧಗೋಳಕ್ಕೆ ಅವನು ಕಾಲಿಡುವುದು ಮಾರ್ಚ್ 20ರ ಆಸುಪಾಸು. ಹಗಲು ರಾತ್ರಿ ಸಮವಾಗುವುದೂ ಆಗಲೇ, ಅದಕ್ಕೆ ವಿಷುವ ಎಂಬ ಬೇರೆ ಹೆಸರೇ ಇದೆ.

ಆ ಮಕ್ಕಳ ರಾಕೆಟ್ಟನ್ನೇ ನೋಡಿ. ಎರಡು ಲೀಟರಿನ ಕೂಲ್‌ಡ್ರಿಂಕ್ಸ್ ಬಾಟಲಿ, ಮೂರನೇ ಒಂದು ಭಾಗ ನೀರು, ಹಳೇ ರಟ್ಟಿನಲ್ಲಿ ಕತ್ತರಿಸಿದ ರೆಕ್ಕೆ, ಬಾಯಿಗೆ ಬಿಗಿಯಾದ ಬೂಚು, ಬೂಚಿನಲ್ಲಿ ಟ್ಯೂಬಿನ ವಾಲ್ವು, ಅದಕ್ಕೆ ಸೈಕಲ್ ಪಂಪು. ಒತ್ತಡ ಏರಿ ಬೂಚು ಬಿಟ್ಟರೆ ನೀರು ಕಣ್ಣು ಮಿಟುಕಿಸುವುದರೊಳಗೆ ಖಾಲಿ. ಆಮೇಲೆ ತಳ್ಳುವವರು ಯಾರೂ ಇಲ್ಲ. ಆದರೂ ರಾಕೆಟ್ ಏರುತ್ತಲೇ ಇರುತ್ತದೆ. ಏರುವ ವೇಗ ಮಾತ್ರ ಕಡಿಮೆಯಾಗುತ್ತಾ ಬಂದು, ತುದಿಯಲ್ಲಿ ಒಂದು ಕ್ಷಣ ಸೊನ್ನೆಯಾಗಿ, ನಂತರ ಇಳಿಯುತ್ತದೆ. ಹತ್ತು ಮೀಟರ್ ಎತ್ತರವನ್ನು ಅದು ಎರಡು ಸಲ ದಾಟುತ್ತದೆ, ಏರುವಾಗ ಒಮ್ಮೆ, ಇಳಿಯುವಾಗ ಒಮ್ಮೆ. ತುದಿಯನ್ನು ಮಾತ್ರ ಒಂದೇ ಸಲ ಮುಟ್ಟುತ್ತದೆ. ತಿರುವು ಎಲ್ಲಿದೆ ಎಂದು ಗುರುತಿಸುವುದು ಹೀಗೆ.

ಸೂರ್ಯನಿಗೂ ಇದನ್ನೇ ಹಿಡಿದು ನೋಡಬಹುದು. ಜನವರಿ 14ರಂದು ಆಕಾಶದಲ್ಲಿ ಅವನು ದಕ್ಷಿಣಕ್ಕೆ ಎಷ್ಟು ಇರುತ್ತಾನೋ, ನವೆಂಬರ್ ಕೊನೆಯ ವಾರದಲ್ಲೂ ಅಷ್ಟೇ ಇದ್ದ. ಅಲ್ಲಿಂದ ಇನ್ನೂ ಕೆಳಗೆ ಹೋಗಿ, ತಿರುಗಿ, ಅದೇ ಜಾಗಕ್ಕೆ ಮರಳಿ ಬಂದಿರುತ್ತಾನೆ. ಜನವರಿ 14 ನಿಜವಾಗಿ ತಿರುವಿನ ದಿನವಾಗಿದ್ದರೆ ಅದಕ್ಕೆ ಇಂಥ ಜೋಡಿ ದಿನ ಇರುತ್ತಿರಲಿಲ್ಲ, ಅಲ್ವಾ?

ರಾಕೆಟ್ ಎಷ್ಟು ಎತ್ತರ ಹೋಯಿತು ಎಂದು ಅಳೆಯಲು ಒಬ್ಬ ಹುಡುಗಿ ಮೂವತ್ತು ಮೀಟರ್ ದೂರದಲ್ಲಿ ನಿಂತಿದ್ದಳು. ಕೈಯಲ್ಲಿ ಕಂಪಾಸ್ ಬಾಕ್ಸಿನ ಕೋನಮಾಪಕ, ಅದಕ್ಕೆ ದಾರ, ದಾರದ ತುದಿಗೆ ಒಂದು ನಟ್ಟು. ತುದಿಯಲ್ಲಿ ರಾಕೆಟ್ ಕಂಡಾಗ ದಾರವನ್ನು ಹೆಬ್ಬೆರಳಿನಿಂದ ಒತ್ತಿ ಹಿಡಿದಳು. ಕೋನ 40 ಡಿಗ್ರಿ. ಮೂವತ್ತನ್ನು 40ರ ಟ್ಯಾನ್ ಬೆಲೆಯಿಂದ ಗುಣಿಸಿ, ತನ್ನ ಕಣ್ಣಿನ ಎತ್ತರ ಸೇರಿಸಿ, ಇಪ್ಪತ್ತಾರು ಮೀಟರ್ ಚಿಲ್ಲರೆ ಎಂದಳು. ಅವಳು ನಿಂತದ್ದು ಮೈದಾನದ ದಕ್ಷಿಣ ಬದಿಗೆ, ಬಿಸಿಲು ಬೆನ್ನಿಗೆ ಬೀಳುವ ಹಾಗೆ. ಡಿಸೆಂಬರ್ ಮಧ್ಯಾಹ್ನ ಉತ್ತರ ಬದಿಗೆ ನಿಂತರೆ ಕಣ್ಣಿಗೆ ಸೂರ್ಯ ಹೊಡೆಯುತ್ತಾನೆ ಎಂದು ಮೇಷ್ಟ್ರು ಹೇಳಿದ್ದರಂತೆ. ಸೂರ್ಯ ಎಲ್ಲಿದ್ದಾನೆ ಎಂಬುದು ಆ ಮೈದಾನದಲ್ಲಿ ಎಲ್ಲರಿಗೂ ಗೊತ್ತಿತ್ತು. ಚಾರ್ಟಿಗೆ ಮಾತ್ರ ಗೊತ್ತಿರಲಿಲ್ಲ.

ಅದೇ ಟ್ಯಾನ್ ಕೋಷ್ಟಕದಲ್ಲಿ ಉತ್ತರಾಯಣವನ್ನೂ ಹಿಡಿಯಬಹುದು. ಸೂರ್ಯನನ್ನು ನೇರ ನೋಡಬೇಡಿ, ನೆರಳು ಸಾಕು. ತಾರಸಿಯ ಮೇಲೆ ಒಂದು ಮೀಟರ್ ಉದ್ದದ ಕೋಲನ್ನು ನೆಟ್ಟಗೆ ನಿಲ್ಲಿಸಿ. ಮಧ್ಯಾಹ್ನ ನೆರಳು ಅತಿ ಗಿಡ್ಡವಾದಾಗ ಅಳೆಯಿರಿ. ದಾವಣಗೆರೆಯಲ್ಲಿ ಅದು ಹನ್ನೆರಡಕ್ಕೆ ಸರಿಯಾಗಿ ಬರುವುದಿಲ್ಲ. ಡಿಸೆಂಬರ್ 21ರ ಹೊತ್ತಿಗೆ 12.25ರ ಸುಮಾರಿಗೆ, ಜನವರಿ 14ಕ್ಕೆ 12.35ರ ಸುಮಾರಿಗೆ. ಡಿಸೆಂಬರ್ 21ಕ್ಕೆ ನೆರಳು ಹತ್ತಿರಹತ್ತಿರ 78 ಸೆಂಟಿಮೀಟರ್ ಇರುತ್ತದೆ, ವರ್ಷದ ಮಧ್ಯಾಹ್ನದ ನೆರಳುಗಳಲ್ಲಿ ಇದೇ ಅತಿ ಉದ್ದದ್ದು. ಜನವರಿ 14ಕ್ಕೆ 72. ಮಾರ್ಚ್ 20ಕ್ಕೆ 26. ಏಪ್ರಿಲ್ ಕೊನೆಯ ವಾರದಲ್ಲಿ ಒಂದು ದಿನ ನೆರಳೇ ಇರುವುದಿಲ್ಲ, ಸೂರ್ಯ ನೆತ್ತಿಯ ಮೇಲೆ. ಚಿತ್ರದುರ್ಗದಲ್ಲಿ ಅಳೆದರೂ ಹೆಚ್ಚುಕಡಿಮೆ ಇದೇ ಅಂಕಿ ಸಿಗುತ್ತದೆ.

ಇನ್ನೊಂದು ಸಂಗತಿ ನನಗೆ ತುಂಬ ಇಷ್ಟ. ಡಿಸೆಂಬರ್ 21ರ ಹಿಂದೆ ಹತ್ತು ದಿನ, ಮುಂದೆ ಹತ್ತು ದಿನ ಅಳೆದು ನೋಡಿ. ನೆರಳು ಬದಲಾಗುವುದು ಹೆಚ್ಚೆಂದರೆ ಒಂದು ಸೆಂಟಿಮೀಟರ್. ಜನವರಿ 14ರಿಂದ ಹತ್ತು ದಿನ ಅಳೆದರೆ ಐದು ಸೆಂಟಿಮೀಟರಿಗೂ ಜಾಸ್ತಿ ಕುಗ್ಗಿರುತ್ತದೆ. ರಾಕೆಟ್ ತುದಿಯಲ್ಲಿ ನಿಧಾನವಾಗುವ ಹಾಗೆ ಸೂರ್ಯನೂ ತಿರುವಿನಲ್ಲಿ ನಿಂತೇಬಿಟ್ಟ ಹಾಗೆ ಕಾಣುತ್ತಾನೆ. ಸಂಕ್ರಾಂತಿ ಹೊತ್ತಿಗೆ ಅವನು ಆಗಲೇ ಜೋರು ನಡಿಗೆಯಲ್ಲಿರುತ್ತಾನೆ.

ಹಾಗಾದರೆ ಸಂಕ್ರಾಂತಿ ಎಂದರೇನು? ‘ಕ್ರಮ್’ ಎಂದರೆ ಹೆಜ್ಜೆ ಇಡು. ಸಂಕ್ರಮಣ, ಸಂಕ್ರಾಂತಿ ಎಂದರೆ ಒಂದು ರಾಶಿಯಿಂದ ಇನ್ನೊಂದಕ್ಕೆ ದಾಟುವುದು. ವರ್ಷಕ್ಕೆ ಹನ್ನೆರಡು ಸಂಕ್ರಾಂತಿ. ಮಕರ ರಾಶಿಗೆ ಹೆಜ್ಜೆ ಇಡುವುದು ಅವುಗಳಲ್ಲಿ ಒಂದು. ನಮ್ಮ ಪಂಚಾಂಗದಲ್ಲಿ ರಾಶಿಗಳನ್ನು ನಕ್ಷತ್ರಗಳಿಗೆ ಕಟ್ಟಿದ್ದಾರೆ. ಅಯನ ಭೂಮಿಯ ಓರೆಗೆ ಸೇರಿದ್ದು. ಒಂದು ದಾಟುವುದು, ಇನ್ನೊಂದು ತಿರುಗುವುದು. ಇವೆರಡೂ ಒಂದೇ ದಿನ ಬರಬೇಕೆಂಬ ನಿಯಮವೇನೂ ಇಲ್ಲ.

ಆದರೆ ಒಂದು ಕಾಲದಲ್ಲಿ ಬರುತ್ತಿದ್ದವು. ಗೊಂದಲದ ಬೇರು ಅಲ್ಲಿದೆ. ಭೂಮಿಯ ಅಕ್ಷ ಬುಗುರಿಯ ತಲೆಯ ಹಾಗೆ ನಿಧಾನಕ್ಕೆ ಸುತ್ತುತ್ತದೆ. ಒಂದು ಸುತ್ತಿಗೆ ಸುಮಾರು 25,800 ವರ್ಷ. ಇದರಿಂದ ಅಯನದ ಜಾಗ ನಕ್ಷತ್ರಗಳ ನಡುವೆ 72 ವರ್ಷಕ್ಕೆ ಒಂದು ಡಿಗ್ರಿಯಂತೆ ಹಿಂದಕ್ಕೆ ಸರಿಯುತ್ತದೆ. ವರ್ಷದ ಲೆಕ್ಕದಲ್ಲಿ ಹೇಳುವುದಾದರೆ, ಋತುಗಳ ವರ್ಷಕ್ಕಿಂತ ನಕ್ಷತ್ರಗಳ ವರ್ಷ ಇಪ್ಪತ್ತು ನಿಮಿಷ ಉದ್ದ. ಈ ಇಪ್ಪತ್ತು ನಿಮಿಷವೇ ಕೂಡುತ್ತಾ ಕೂಡುತ್ತಾ ಎಪ್ಪತ್ತು ವರ್ಷಕ್ಕೆ ಒಂದು ದಿನವಾಗುತ್ತದೆ. ಈಗ ಅಯನದ ಜಾಗಕ್ಕೂ ಮಕರ ರಾಶಿಯ ಮೊದಲಿಗೂ ನಡುವೆ 24 ಡಿಗ್ರಿಯಷ್ಟು ಅಂತರ ಬಿದ್ದಿದೆ. ಇದಕ್ಕೆ ಅಯನಾಂಶ ಎಂದು ಹೆಸರು. ಅಯನಾಂಶ ಸೇರಿಸಿದ ಲೆಕ್ಕ ಸಾಯನ, ಬಿಟ್ಟ ಲೆಕ್ಕ ನಿರಯನ. ನಮ್ಮ ಹಬ್ಬಗಳದ್ದು ನಿರಯನ. ಪಂಚಾಂಗ ಬರೆಯುವವರಿಗೆ ಇದು ಚೆನ್ನಾಗಿ ಗೊತ್ತು. ಗೊತ್ತಿಲ್ಲದಿರುವುದು ಪಂಚಾಂಗದ ಹೆಸರಿನಲ್ಲಿ ಮಾತಾಡುವವರಿಗೆ. ಈಗ ಉತ್ತರಾಯಣ ಶುರುವಾಗುವುದು ಧನುರ್ಮಾಸ ಬಂದ ಮೊದಲ ವಾರದಲ್ಲಿ, ಸೂರ್ಯ ಧನು ರಾಶಿಯಲ್ಲಿರುವಾಗ.

"ಶಾಸ್ತ್ರದಲ್ಲಿ ಹಾಗೇ ಹೇಳಿದೆಯಲ್ಲ" ಎನ್ನುವವರಿದ್ದಾರೆ. ಯಾವ ಶಾಸ್ತ್ರ? ವೇದಾಂಗ ಜ್ಯೋತಿಷದಲ್ಲಿ ಉತ್ತರಾಯಣ ಧನಿಷ್ಠಾ ನಕ್ಷತ್ರದ ಮೊದಲಿಗೆ ಶುರುವಾಗುತ್ತದೆ. 6ನೇ ಶತಮಾನದ ಖಗೋಳಜ್ಞ ವರಾಹಮಿಹಿರ ತನ್ನ ಬೃಹತ್ಸಂಹಿತೆಯಲ್ಲಿ ಇದೇ ಮಾತನ್ನು ಎತ್ತಿಕೊಳ್ಳುತ್ತಾನೆ. ಹಿಂದಿನ ಶಾಸ್ತ್ರಗಳು ಧನಿಷ್ಠಾ ಎಂದಿವೆ, ಒಂದು ಕಾಲಕ್ಕೆ ಅದು ಸರಿಯೇ ಇದ್ದಿರಬೇಕು, ಈಗ ಮಕರದ ಮೊದಲಿಗೆ ಬಂದಿದೆ ಎನ್ನುತ್ತಾನೆ. ಅಷ್ಟಕ್ಕೆ ಬಿಡುವುದಿಲ್ಲ. ಅನುಮಾನ ಬಂದರೆ ಉದಯ ಅಥವಾ ಅಸ್ತದಲ್ಲಿ ದೂರದ ಗುರುತು ಹಿಡಿದು ನೋಡಿ, ಇಲ್ಲವೇ ದೊಡ್ಡ ವೃತ್ತ ಬರೆದು ನೆರಳು ಒಳಬರುವ, ಹೊರಹೋಗುವ ಜಾಗ ಗುರುತಿಸಿ ಎಂದು ದಾರಿಯನ್ನೂ ತೋರಿಸುತ್ತಾನೆ. ಹದಿನಾಲ್ಕು ಶತಮಾನಗಳ ಹಿಂದೆಯೇ ನೆರಳು ಅಳೆದು ನೋಡಿ ಎಂದವನ ಹೆಸರು ಹೇಳಿಕೊಂಡು, ಅಳೆಯದೇ ಜನವರಿ 14 ಎನ್ನುವುದು ಅವನಿಗೆ ಮಾಡುವ ಅನ್ಯಾಯ.

ನಮ್ಮ ಕನ್ನಡ ಶಾಸನಗಳಲ್ಲೂ ದಾನ ಕೊಟ್ಟ ದಿನವನ್ನು ‘ಉತ್ತರಾಯಣ ಸಂಕ್ರಮಣ’ ಎಂದು ಜೋಡಿಸಿ ಬರೆಯುವುದು ರೂಢಿ. 12ನೇ ಶತಮಾನದ ಹೊತ್ತಿಗೆ ಸಂಕ್ರಮಣ ನಿಜವಾದ ತಿರುವಿಗಿಂತ ಸುಮಾರು ಹತ್ತು ದಿನ ಆಚೆ ಹೋಗಿತ್ತು. ಹೆಸರು ಮಾತ್ರ ಜೊತೆಗೇ ಉಳಿಯಿತು. ಈಗ ಅಂತರ ಮೂರು ವಾರ ದಾಟಿದೆ.

ಇದರ ಮೇಲೆ ಭೂಗೋಳದ ಪಾಠ ಬೇರೆ. ಅಲ್ಲಿ 23.4 ಡಿಗ್ರಿ ದಕ್ಷಿಣದ ಗೆರೆಗೆ ಮಕರ ಸಂಕ್ರಾಂತಿ ವೃತ್ತ ಎನ್ನುತ್ತಾರೆ. ಡಿಸೆಂಬರ್ 21ಕ್ಕೆ ಸೂರ್ಯ ಮಕರ ಸಂಕ್ರಾಂತಿ ವೃತ್ತದ ನೆತ್ತಿಯ ಮೇಲಿರುತ್ತಾನೆ ಎಂದು ಓದಿದ ಮಗು, ಮನೆಗೆ ಬಂದರೆ ಮಕರ ಸಂಕ್ರಾಂತಿ ಜನವರಿಯಲ್ಲಿ. ಯಾವುದನ್ನು ನಂಬಬೇಕು? ವೃತ್ತದ ಹೆಸರಿನಲ್ಲಿರುವುದು ಸಾಯನ ಮಕರ, ಹಬ್ಬದ ಹೆಸರಿನಲ್ಲಿರುವುದು ನಿರಯನ ಮಕರ. ಈ ಒಂದು ವಾಕ್ಯ ಪಾಠದಲ್ಲೇ ಇರಬೇಕಿತ್ತು. ವೃತ್ತವನ್ನು ದಕ್ಷಿಣ ಅಯನವೃತ್ತ ಎಂದು ಕರೆದರೆ ತಕರಾರೇ ಇರುವುದಿಲ್ಲ.

ಅನುಭವದ ಮೇಲೆ ವಾದ ಮಾಡುವವರೂ ಇದ್ದಾರೆ. "ಜನವರಿಯಲ್ಲೂ ಬೆಳಕಾಗೋದು ತಡ ಆಗ್ತಾನೇ ಇರುತ್ತಲ್ಲ, ಹಗಲು ಎಲ್ಲಿ ಬೆಳೀತು?" ಪ್ರಶ್ನೆ ಸರಿಯಾದದ್ದೇ. ದಾವಣಗೆರೆಯಲ್ಲಿ ಡಿಸೆಂಬರ್ 21ಕ್ಕಿಂತ ಜನವರಿ 14ರಂದು ಸೂರ್ಯ ಏಳೆಂಟು ನಿಮಿಷ ತಡವಾಗಿ ಹುಟ್ಟುತ್ತಾನೆ. ಆದರೆ ಮುಳುಗುವುದು ಹದಿಮೂರು ನಿಮಿಷದಷ್ಟು ತಡ. ಕಳೆದರೆ ಹಗಲು ಐದಾರು ನಿಮಿಷ ಬೆಳೆದಿರುತ್ತದೆ. ನಡುಮಧ್ಯಾಹ್ನವೇ 12.25ರಿಂದ 12.35ಕ್ಕೆ ಸರಿದಿರುವುದರಿಂದ ಹೀಗಾಗುತ್ತದೆ. ಭೂಮಿಯ ಓರೆ ಒಂದು ಕಾರಣ, ಜನವರಿ ಮೊದಲ ವಾರದಲ್ಲಿ ಭೂಮಿ ಸೂರ್ಯನಿಗೆ ಹತ್ತಿರವಿದ್ದು ಜೋರಾಗಿ ಓಡುವುದು ಇನ್ನೊಂದು. ಅತಿ ಕಡಿಮೆ ಹಗಲು ಡಿಸೆಂಬರ್ 21ರ ಹೊತ್ತಿಗೇ, ಸುಮಾರು ಹನ್ನೊಂದೂಕಾಲು ಗಂಟೆ.

ಹಬ್ಬದ ದಿನ ಬದಲಿಸಿ ಎಂದು ನಾನು ಹೇಳುತ್ತಿಲ್ಲ. ಎಳ್ಳು ಹಚ್ಚಿಕೊಂಡು ಹರಿಹರದಲ್ಲಿ ತುಂಗಭದ್ರೆಗೆ ಇಳಿಯುವವರು, ದಂಡೆಯಲ್ಲಿ ಬುತ್ತಿ ಬಿಚ್ಚುವವರು, ಓಣಿಯಲ್ಲಿ ಎಳ್ಳು-ಬೆಲ್ಲ ಹಂಚುವ ಮಕ್ಕಳು ಜನವರಿಯಲ್ಲೇ ಹಬ್ಬ ಮಾಡಲಿ. ಅದು ಮಕರ ಸಂಕ್ರಮಣ, ದಿನವೂ ಸರಿ, ಹೆಸರೂ ಸರಿ. ಎಳ್ಳಮಾವಾಸ್ಯೆಗೆ ಹೊಲದಲ್ಲಿ ಚರಗ ಚೆಲ್ಲುತ್ತೇವೆ. ಅದು ಕೆಲವು ವರ್ಷ ಡಿಸೆಂಬರ್ 21ರ ಪಕ್ಕದಲ್ಲೇ ಬರುತ್ತದೆ. ಅದು ಚಂದ್ರನ ಲೆಕ್ಕ ಎಂದು ಎಲ್ಲರಿಗೂ ಗೊತ್ತು, ಯಾರೂ ಅದನ್ನು ಸೂರ್ಯನ ತಿರುವಿಗೆ ಗಂಟು ಹಾಕುವುದಿಲ್ಲ. ಸಂಕ್ರಾಂತಿಗೂ ಅಷ್ಟೇ ಸ್ಪಷ್ಟತೆ ಸಾಕು.

ಸರಕಾರದ ಕ್ಯಾಲೆಂಡರ್ ಈ ಕೆಲಸವನ್ನು ಎಂದೋ ಮಾಡಿದೆ. ಮೇಘನಾದ ಸಹಾ ಅಧ್ಯಕ್ಷರಾಗಿದ್ದ ಪಂಚಾಂಗ ಸುಧಾರಣಾ ಸಮಿತಿಯ ಶಿಫಾರಸಿನಂತೆ 1957ರ ಮಾರ್ಚ್ 22ರಿಂದ ಜಾರಿಗೆ ಬಂದ ರಾಷ್ಟ್ರೀಯ ಪಂಚಾಂಗದಲ್ಲಿ ಪುಷ್ಯ ಮಾಸ ಶುರುವಾಗುವುದು ಡಿಸೆಂಬರ್ 22ಕ್ಕೆ, ಅಯನಕ್ಕೆ ಸರಿಹೊಂದುವಂತೆ.

ದಕ್ಷಿಣಾಯನಕ್ಕೂ ಇದೇ ಲೆಕ್ಕ. ತಿರುವು ಜೂನ್ 21ರ ಹೊತ್ತಿಗೆ, ಕರ್ಕಾಟಕ ಸಂಕ್ರಮಣ ಜುಲೈ ಮಧ್ಯಕ್ಕೆ. ನಮ್ಮ ಊರಲ್ಲಿ ಆಗ ನೆರಳಿನ ದಿಕ್ಕೇ ಬೇರೆ. ಜೂನ್ 21ರ ಮಧ್ಯಾಹ್ನ ಸೂರ್ಯ ನೆತ್ತಿಗಿಂತ ಒಂಬತ್ತು ಡಿಗ್ರಿ ಉತ್ತರಕ್ಕಿರುತ್ತಾನೆ, ಒಂದು ಮೀಟರ್ ಕೋಲಿನ ನೆರಳು ದಕ್ಷಿಣಕ್ಕೆ 16 ಸೆಂಟಿಮೀಟರ್ ಬೀಳುತ್ತದೆ. ಮಳೆಗಾಲದ ಮೋಡ ಬಿಟ್ಟುಕೊಟ್ಟರೆ ಅದನ್ನೂ ಅಳೆದು ನೋಡಬಹುದು.